ಡೊಮೇನ್: ಚಾಲಗೇಣಿಯ ಇಮೇಲ್, ಮೂಲಗೇಣಿಯ ಇಮೇಲ್

ನಮ್ಮ ಕಾಸರಗೋಡಿನ ಕಡೆ ಹಳಬರ ಬಾಯಲ್ಲಿ ಈಗಲೂ ಎರಡು ಪದ ಕೇಳಬಹುದು. ಚಾಲಗೇಣಿ, ಮೂಲಗೇಣಿ. ಈ ಊರುಗಳೆಲ್ಲ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದ ಮಾತುಗಳು. ಚಾಲಗೇಣಿ ಎಂದರೆ ಧಣಿಗಳು ಇಟ್ಟಷ್ಟು ದಿನ. ವರ್ಷ ವರ್ಷ ಗೇಣಿ ಅಳೆದು ಕೊಡಬೇಕು, ಅವರು ಏಳು ಅಂದ ದಿನ ಏಳಬೇಕು. ಮೂಲಗೇಣಿ ಬೇರೆ. ಜಾಗ ಧಣಿಗಳದ್ದೇ, ಆದರೆ ಗೇಣಿ ಸರಿಯಾಗಿ ಸಲ್ಲುವ ತನಕ ಒಕ್ಕಲನ್ನು ಎಬ್ಬಿಸುವಂತಿಲ್ಲ. ಮಕ್ಕಳು, ಮೊಮ್ಮಕ್ಕಳ ಕಾಲಕ್ಕೂ ಅದು ನಡೆಯುತ್ತದೆ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿಯೇ ಹೋಯಿತು. ಪದಗಳು ಮಾತ್ರ ಉಳಿದವು. ಡೊಮೇನ್ ಅಂದರೆ ಎಂತದು ಎಂದು ಮಾವನಿಗೆ ವಿವರಿಸಬೇಕಾಗಿ ಬಂದಾಗ ನನ್ನ ಕೈ ಹಿಡಿದದ್ದು ಈ ಎರಡು ಪದಗಳೇ.

ಮಾವ ಪೆರ್ಲದ ಹತ್ತಿರ ಇರುವವರು. ಕನ್ನಡ ಮೇಷ್ಟ್ರಾಗಿ ನಿವೃತ್ತರಾದವರು. ಲ್ಯಾಂಡ್‌ಲೈನಿನ ಜೊತೆ ಬ್ರಾಡ್‌ಬ್ಯಾಂಡ್ ತೆಗೆದುಕೊಂಡಾಗ ಕಂಪನಿಯವರು ಒಂದು ಇಮೇಲ್ ವಿಳಾಸ ಕೊಟ್ಟಿದ್ದರು. ವರ್ಷಗಟ್ಟಲೆ ಅದನ್ನೇ ಎಲ್ಲ ಕಡೆ ಬರೆದು ಕೊಟ್ಟರು. ಆದರೆ ಮಳೆಗಾಲ ಬಂತೆಂದರೆ ಎಲ್ಲಾದರೂ ಒಂದು ಅಡಿಕೆ ಮರ ವಯರಿನ ಮೇಲೆ ಬೀಳುವುದು, ನಾಲ್ಕು ದಿನ ನೆಟ್ ಇಲ್ಲದಿರುವುದು, ಇದೇ ಆಯಿತು. ಅಷ್ಟರಲ್ಲಿ ಕೇಬಲಿನವರ ಫೈಬರ್ ಮನೆಯ ಗೇಟಿನ ತನಕ ಬಂತು. ಮಾವ ಹಳೆ ಕನೆಕ್ಷನ್ ಬಿಟ್ಟುಕೊಟ್ಟರು. ಎರಡು ತಿಂಗಳಾಗುವಾಗ ಮೇಲ್ ತೆರೆಯುವುದೇ ನಿಂತಿತು.

"ಅಲ್ಲ ಮಾರಾಯ, ಬಿಲ್ಲು ಪೂರ್ತಿ ಕಟ್ಟಿ ರಶೀದಿ ಇಟ್ಟಿದ್ದೇನೆ. ಮತ್ತೆ ನನ್ನ ಮೇಲ್ ಯಾಕೆ ತೆಗೆದರು?"

"ಅದು ಕನೆಕ್ಷನ್ ಜೊತೆ ಕೊಟ್ಟದ್ದು ಮಾವ. ಕನೆಕ್ಷನ್ ಹೋಯ್ತು, ಅದೂ ಹೋಯ್ತು."

"ಅದರಲ್ಲಿ ನನ್ನ ಹೆಸರು ಉಂಟಲ್ವಾ?"

ಉಂಟು. ಆದರೆ ಹೆಸರು ಇರುವುದು ಎಡಗಡೆ. ಅಧಿಕಾರ ಇರುವುದು ಬಲಗಡೆ.

ಇಮೇಲ್ ವಿಳಾಸದ ನಡುವೆ @ ಎಂಬ ಗುರುತು ಇರುತ್ತದೆ. 1971ರಲ್ಲಿ ರೇ ಟಾಮ್ಲಿನ್ಸನ್ ಎಂಬ ಅಮೆರಿಕದ ಎಂಜಿನಿಯರ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸುವಾಗ ಇದನ್ನು ಆರಿಸಿಕೊಂಡರು. ಇಂಥವರು, ಇಂಥ ಕಂಪ್ಯೂಟರಿನಲ್ಲಿ ಇದ್ದಾರೆ ಎಂದು ಹೇಳುವುದಷ್ಟೇ ಅದರ ಕೆಲಸ. ನಾವು ಮಾತ್ರ ಅದನ್ನು ಅಟ್ ದ ರೇಟ್ ಎನ್ನುತ್ತೇವೆ. ಅಂಗಡಿ ಬಿಲ್ಲಿನಲ್ಲಿ 'ಇಷ್ಟು ಕಿಲೋ, ಇಂಥ ದರದಲ್ಲಿ' ಎಂದು ಬರೆಯುವಾಗ ಬಳಸುತ್ತಿದ್ದ ಗುರುತು ಅದು. ಹಾಗಾಗಿ ಫೋನಿನಲ್ಲಿ ವಿಳಾಸ ಹೇಳುವಾಗೆಲ್ಲ ನಮ್ಮನ್ನು ನಾವೇ ಏಲಂಗೆ ಹಾಕಿದ ಹಾಗೆ ಕೇಳಿಸುತ್ತದೆ!

@ ಆದಮೇಲೆ ಬರುವ ಭಾಗವೇ ಡೊಮೇನ್. ಯಾರ ಹೆಸರಿನಲ್ಲಿ ಆ ಡೊಮೇನ್ ಉಂಟೋ ಅವರೇ ಧಣಿ. ಎಡಗಡೆ ಯಾವ ಹೆಸರಿಗೆ ಜಾಗ ಕೊಡಬೇಕು, ಎಷ್ಟು ದಿನ ಕೊಡಬೇಕು, ಯಾವಾಗ ಮುಚ್ಚಬೇಕು ಎಂಬುದೆಲ್ಲ ಅವರ ಕೈಯಲ್ಲಿ. ಇಂಟರ್ನೆಟ್ ಕಂಪನಿಯ ಡೊಮೇನಿನಲ್ಲಿ ನಾವು ಚಾಲಗೇಣಿ ಒಕ್ಕಲು.

ಕಂಪನಿಗಳು ಹೀಗೆ ವಿಳಾಸ ಕೊಡಲು ಶುರು ಮಾಡಿದ್ದಕ್ಕೆ ಒಂದು ಕಾರಣ ಇತ್ತು. 1995ರ ಆಗಸ್ಟ್ 15ರಂದು ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಾಗ, ಇಮೇಲ್ ಬೇಕಿದ್ದರೆ ಹೆಚ್ಚಿನವರು ಅವರಿಂದಲೇ ತೆಗೆದುಕೊಳ್ಳಬೇಕಿತ್ತು. ಬೆಂಗಳೂರಿನವರ ವಿಳಾಸದಲ್ಲಿ @ ಆದಮೇಲೆ ಜಿಐಎಎಸ್‌ಬಿಜಿ01 ಡಾಟ್ ವಿಎಸ್‌ಎನ್‌ಎಲ್ ಡಾಟ್ ನೆಟ್ ಡಾಟ್ ಇನ್ ಎಂದಿರುತ್ತಿತ್ತು. ಆ ಬಿಜಿ ಎಂದರೆ ಬೆಂಗಳೂರು. ಊರು ಬಿಟ್ಟರೆ ವಿಳಾಸವೂ ಸುಳ್ಳು! 2002ರಲ್ಲಿ ಆ ಕಂಪನಿ ಟಾಟಾ ಗುಂಪಿನ ಕೈಗೆ ಹೋಯಿತು, 2008ರಲ್ಲಿ ಅದರ ಹೆಸರೇ ಬದಲಾಯಿತು.

ಲೈನನ್ನೂ ಮೇಲನ್ನೂ ಬೇರೆ ಬೇರೆ ಮಾಡಿದ್ದರಲ್ಲಿ ಒಬ್ಬ ನಮ್ಮ ಕಡೆಯವರ ಪಾಲೂ ಉಂಟು. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಮತ್ತು ಅವರ ಜೊತೆಗಾರ ಜ್ಯಾಕ್ ಸ್ಮಿತ್ 1996ರ ಜುಲೈ 4ರಂದು ಹಾಟ್‌ಮೇಲ್ ಶುರು ಮಾಡಿದರು. ಅಮೆರಿಕದ ಸ್ವಾತಂತ್ರ್ಯ ದಿನವನ್ನೇ ನೋಡಿ ಆರಿಸಿದ್ದು. ಇಂಟರ್ನೆಟ್ ಯಾರಿಂದ ಬೇಕಾದರೂ ತೆಗೆದುಕೊಳ್ಳಿ, ಬ್ರೌಸರಿನಲ್ಲಿ ಮೇಲ್ ನೋಡಿ ಎಂಬುದೇ ಅವರ ಮಾತು. 2004ರ ಏಪ್ರಿಲ್ 1ಕ್ಕೆ ಜಿಮೇಲ್ ಬಂತು. ಒಂದು ಜಿಬಿ ಜಾಗ ಪುಕ್ಕಟೆ ಎಂದಾಗ ಏಪ್ರಿಲ್ ಫೂಲ್ ಅಂತ ನಕ್ಕವರೂ ಇದ್ದರು.

ಆಮೇಲೂ ಇಂಟರ್ನೆಟ್ ಕಂಪನಿಗಳು ವಿಳಾಸ ಕೊಡುತ್ತಲೇ ಬಂದವು. ನನಗೆ ಕಾಣುವ ಮಟ್ಟಿಗೆ ಅದು ಗಿರಾಕಿಯನ್ನು ಕಟ್ಟಿಹಾಕುವ ಹಗ್ಗ. ಮೇಲ್ ಹೋಗುತ್ತದೆ ಎಂಬ ಹೆದರಿಕೆಗೆ ಜನ ಕನೆಕ್ಷನ್ ಬಿಡುವುದಿಲ್ಲ. ಕೆಲವೊಮ್ಮೆ ನಾವು ಬಿಡದಿದ್ದರೂ ಅವರೇ ಬಿಡುತ್ತಾರೆ. ಅಮೆರಿಕದ ಇಂಟರ್ನೆಟ್ ಕಂಪನಿ ವೆರೈಝನ್ 2017ರಲ್ಲಿ ಇಮೇಲಿನ ವ್ಯವಹಾರವೇ ಬೇಡ ಎಂದು ಕೈ ತೊಳೆಯಿತು. ವಿಳಾಸ ಉಳಿಸಿಕೊಳ್ಳಬೇಕಾದವರು ಎಒಎಲ್ ಎಂಬ ಮೇಲ್ ಸೇವೆಯ ಕಡೆ ಹೋಗಬೇಕಾಯಿತು.

ಗಡಿಯಲ್ಲಿ ಇರುವ ನಮಗೆ ಇದು ಹೊಸ ವಿಷಯವೇ ಅಲ್ಲ. ಮಂಗಳೂರಿಗೆ ಓದಲಿಕ್ಕೆ ಹೋದವರು ತಲಪಾಡಿ ದಾಟಿದ ಕೂಡಲೇ ರೋಮಿಂಗ್ ಲೆಕ್ಕ ಹಾಕುತ್ತಿದ್ದ ಕಾಲ ನೆನಪಿರಬಹುದು. ಕೇರಳದ ಒಂದು ಸಿಮ್ಮು, ಕರ್ನಾಟಕದ ಒಂದು ಸಿಮ್ಮು. ಆಮೇಲೆ 2011ರ ಜನವರಿಯಲ್ಲಿ ದೇಶವಿಡೀ ನಂಬರ್ ಪೋರ್ಟ್ ಮಾಡುವ ಸೌಕರ್ಯ ಬಂತು. 2015ರ ಜುಲೈಯಿಂದ ಬೇರೆ ರಾಜ್ಯಕ್ಕೆ ಹೋದರೂ ಅದೇ ನಂಬರ್ ಇಟ್ಟುಕೊಳ್ಳಬಹುದು ಎಂದಾಯಿತು. ಇಮೇಲಿಗೆ ಅಂಥ ನಿಯಮ ಇಲ್ಲ. ಒಂದು ಕಂಪನಿಯ ಡೊಮೇನಿನ ವಿಳಾಸವನ್ನು ಇನ್ನೊಂದು ಕಂಪನಿಗೆ ಪೋರ್ಟ್ ಮಾಡಲಿಕ್ಕೆ ಆಗುವುದಿಲ್ಲ. ಡೊಮೇನ್ ನಮ್ಮದೇ ಆಗಿದ್ದರೆ ಮಾತ್ರ ಆಗುತ್ತದೆ.

ವಿಳಾಸ ಹೋದರೆ ಎಂತ ಆಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಮಾವನ ಜಗಲಿಯಲ್ಲಿ. ವಿಮೆಯ ಸೈಟಿಗೆ ಹೋಗಿ ಪಾಸ್‌ವರ್ಡ್ ಮರೆತಿದೆ ಎಂದು ಒತ್ತಿದೆವು. 'ನಿಮ್ಮ ಇಮೇಲಿಗೆ ಕೋಡ್ ಕಳಿಸಿದ್ದೇವೆ' ಎಂದು ಬಂತು. ಕೆಳಗೆ ಮಾವನ ಹೆಸರಿನ ಎರಡಕ್ಷರ, ಆಮೇಲೆ ಸಾಲಾಗಿ ನಕ್ಷತ್ರಗಳು, ಕೊನೆಗೆ ಆ ಹಳೆ ಕಂಪನಿಯ ಹೆಸರು. ಕೋಡ್ ಹೋಗಿದೆ, ಆದರೆ ಹೋದ ಪೆಟ್ಟಿಗೆಯೇ ಇಲ್ಲ. ವಿಳಾಸ ಬದಲಿಸೋಣ ಎಂದು ಇನ್ನೊಂದು ಕಡೆ ಒತ್ತಿದರೆ, ಬದಲಿಸಲಿಕ್ಕೂ ಹಳೆ ಇಮೇಲಿಗೆ ಬಂದ ಕೋಡ್ ಬೇಕಂತೆ! ಮಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿದರು. ಹಳೆ ಡೈರಿ ತಂದರು. ಎಲ್ಲೆಲ್ಲ ಆ ವಿಳಾಸ ಕೊಟ್ಟಿದ್ದರು ಎಂದು ನೆನಪು ಮಾಡಿ ಬರೆದೆವು. ಬ್ಯಾಂಕು, ಪ್ಯಾನ್, ಗ್ಯಾಸು, ಪಿಂಚಣಿ, ಯಕ್ಷಗಾನದ ಲೇಖನ ಕಳಿಸುತ್ತಿದ್ದ ಪತ್ರಿಕೆ, ದುಬೈಯಲ್ಲಿರುವ ಮಗ. ಹೀಗೆ ಎಲ್ಲ ಸೇರಿ ಹನ್ನೊಂದು ಕಡೆ. ಅದರಲ್ಲಿ ಮೂರಕ್ಕೆ ಖುದ್ದಾಗಿ ಹೋಗಿ ಅರ್ಜಿ ಕೊಡಬೇಕಾಯಿತು. ಕನೆಕ್ಷನ್ ಬಿಡುವ ಮೊದಲೇ ಈ ಪಟ್ಟಿ ಮಾಡಿ, ಒಂದೊಂದಾಗಿ ಬದಲಿಸಿ, ಹಳೆ ಮೇಲುಗಳನ್ನು ಇಳಿಸಿಟ್ಟುಕೊಂಡಿದ್ದರೆ ಒಂದು ವಾರದ ಕೆಲಸ. ಲೈನು ಕತ್ತರಿಸುವುದು ಆಮೇಲೆ.

ಇಂಟರ್ನೆಟ್ ಕಂಪನಿಯ ವಿಳಾಸ ಈಗ ಇರುವವರು ಕಡಿಮೆ, ಹೊಸ ಫೈಬರಿನವರು ಹೆಚ್ಚಾಗಿ ಕೊಡುವುದೂ ಇಲ್ಲ. ಆದರೆ ಚಾಲಗೇಣಿಗೆ ಬೇರೆ ರೂಪಗಳಿವೆ. ಕಾಲೇಜು ಕೊಟ್ಟ ವಿಳಾಸ, ಕಂಪನಿ ಕೊಟ್ಟ ವಿಳಾಸ. ಕೋರ್ಸ್ ಮುಗಿದರೆ, ಕೆಲಸ ಬಿಟ್ಟರೆ ಅದೂ ಮುಗಿಯಿತು. ಇನ್ನೂ ಕೆಟ್ಟದ್ದೊಂದು ಉಂಟು. ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ತುಂಬಿಸುವಾಗ ಇಮೇಲ್ ಇಲ್ಲ ಎಂದರೆ, ಅಲ್ಲಿಯ ಹುಡುಗ ತನ್ನದೇ ಒಂದನ್ನು ಹಾಕಿಬಿಡುತ್ತಾನೆ. ಅವನ ತಪ್ಪೇನಿಲ್ಲ, ಹೊರಗೆ ಕ್ಯೂ ಇರುತ್ತದೆ. ಆದರೆ ನಿಮ್ಮ ಹಾಲ್ ಟಿಕೆಟು ಬರುವುದು ಅವನಿಗೆ.

ಹಾಗಾದರೆ ಜಿಮೇಲ್? ಮಾವನೂ ಅದನ್ನೇ ಕೇಳಿದರು. ಹೆಚ್ಚಿನವರಿಗೆ ಅದು ಸಾಕು, ಅದರಲ್ಲಿ ಸಂಶಯ ಬೇಡ. ಕೇಬಲಿನವರನ್ನು ಎಷ್ಟು ಸಲ ಬದಲಿಸಿದರೂ ವಿಳಾಸ ಅಲ್ಲಾಡುವುದಿಲ್ಲ. ಆದರೂ ಧಣಿ ಬೇರೆಯವರೇ. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಯನ್ನು ಅಳಿಸುವ ಹಕ್ಕು ಗೂಗಲ್‌ಗೆ ಉಂಟು. 2023ರ ಡಿಸೆಂಬರಿನಿಂದ ಆ ನಿಯಮ ಜಾರಿಯಲ್ಲಿದೆ. ಯಾಹೂ 2013ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಳಸದೇ ಬಿಟ್ಟ ಹೆಸರುಗಳನ್ನು ಬೇರೆಯವರಿಗೆ ಕೊಟ್ಟಿತು. ಹಳಬರಿಗೆ ಬರಬೇಕಾದ ಮೇಲ್ ಕೆಲವು ಹೊಸಬರ ಪೆಟ್ಟಿಗೆಗೆ ಬಿದ್ದವು. ಹಾಗಾಗಿ ಪುಕ್ಕಟೆ ವಿಳಾಸ ಇರುವವರು ಆಗಾಗ ತೆರೆದು ನೋಡುತ್ತಿರಬೇಕು, ಮರಳಿ ಪಡೆಯಲು ಸರಿಯಾದ ಫೋನ್ ನಂಬರ್ ಕೊಟ್ಟಿರಬೇಕು. ಸಿಮ್ಮು ಬದಲಿಸಿದ ದಿನವೇ ಅಲ್ಲಿಯೂ ಬದಲಿಸಬೇಕು.

ಇನ್ನು ಮೂಲಗೇಣಿ. ಅಂದರೆ ಸ್ವಂತ ಡೊಮೇನ್. ಡಾಟ್ ಇನ್, ಡಾಟ್ ಕಾಮ್, ಹೀಗೆ ಕೊನೆಯಾಗುವ ಒಂದು ಹೆಸರನ್ನು ನೋಂದಣಿ ಕಂಪನಿಯಿಂದ ವರ್ಷದ ಲೆಕ್ಕದಲ್ಲಿ ತೆಗೆದುಕೊಳ್ಳುವುದು. ಸಾಧಾರಣ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಆಚೆ ಈಚೆ. ಹತ್ತು ವರ್ಷದ್ದನ್ನು ಒಟ್ಟಿಗೂ ಕಟ್ಟಬಹುದು. ಹಣ ಸಲ್ಲುತ್ತಿರುವ ತನಕ ಆ ಹೆಸರು ನಿಮ್ಮದು. ಮೇಲ್ ಪೆಟ್ಟಿಗೆ ಎಲ್ಲಿಡಬೇಕು ಎಂಬುದು ಬೇರೆಯೇ ಮಾತು. ಡೊಮೇನಿನ ದಾಖಲೆಗಳಲ್ಲಿ ಎಂಎಕ್ಸ್ ಎಂಬ ಒಂದು ಸಾಲು ಇರುತ್ತದೆ. 'ಈ ಮನೆಗೆ ಬಂದ ಕಾಗದವನ್ನು ಇಂಥ ಕಡೆ ಹಾಕಿ' ಎಂದು ಪೋಸ್ಟ್‌ಮ್ಯಾನಿಗೆ ಹೇಳಿಟ್ಟ ಹಾಗೆ. ಇವತ್ತು ಒಂದು ಕಂಪನಿ, ನಾಳೆ ಸರಿಬರದಿದ್ದರೆ ಇನ್ನೊಂದು. ಸಾಲು ಬದಲಿಸಿದರೆ ಮುಂದೆ ಬರುವ ಮೇಲ್ ಹೊಸ ಕಡೆ ಬೀಳುತ್ತದೆ. ಹಳೆಯದನ್ನು ಮಾತ್ರ ನಾವೇ ನಕಲು ಮಾಡಿ ಸಾಗಿಸಬೇಕು. ಕಾಗದ ಬರೆಯುವವರಿಗೆ ಏನೂ ಗೊತ್ತಾಗುವುದಿಲ್ಲ.

ಇದರ ದೊಡ್ಡ ಉದಾಹರಣೆ ದೆಹಲಿಯಲ್ಲೇ ಉಂಟು. ಕೇಂದ್ರ ಸರ್ಕಾರಿ ನೌಕರರ ಇಮೇಲನ್ನು ಈಚೆಗೆ ತಮಿಳುನಾಡಿನ ಝೋಹೋ ಕಂಪನಿಯ ವ್ಯವಸ್ಥೆಗೆ ಸಾಗಿಸಿದರು. ಲಕ್ಷಗಟ್ಟಲೆ ಪೆಟ್ಟಿಗೆಗಳು. ಆದರೆ ವಿಳಾಸ ಹಳೆಯದೇ, ಗವ್ ಡಾಟ್ ಇನ್, ನಿಕ್ ಡಾಟ್ ಇನ್. ಡೊಮೇನ್ ಸರ್ಕಾರದ್ದೇ ಆದ ಕಾರಣ ಮನೆ ಬದಲಾದರೂ ಮನೆಹೆಸರು ಬದಲಾಗಲಿಲ್ಲ.

ಮೂಲಗೇಣಿಯ ಹೋಲಿಕೆ ಒಂದು ಕಡೆ ತಪ್ಪುತ್ತದೆ. ಮೂಲಗೇಣಿಯಲ್ಲಿ ಗೇಣಿ ನಿಗದಿ, ಏರಿಸುವಂತಿರಲಿಲ್ಲ. ಡೊಮೇನಿನ ಗೇಣಿ ಏರುತ್ತದೆ. ಮೊದಲ ವರ್ಷ ನೂರೋ ಇನ್ನೂರೋ ಎಂದು ತೋರಿಸಿ ಎರಡನೆಯ ವರ್ಷ ಪೂರ್ತಿ ಬಿಲ್ಲು ಕೊಡುವವರು ಜಾಸ್ತಿ. ನವೀಕರಣದ ದರ ನೋಡಿ ತೆಗೆದುಕೊಳ್ಳಬೇಕು. ಗಡುವು ತಪ್ಪಿದರೆ ಸ್ವಲ್ಪ ದಿನ ಕಾಯುತ್ತಾರೆ, ಆಮೇಲೆ ಯಾರು ಬೇಕಾದರೂ ಆ ಹೆಸರು ಕೊಳ್ಳಬಹುದು. ಕೊಂಡವರಿಗೆ ನಿಮ್ಮ ಮೇಲೂ ಹೋಗುತ್ತದೆ, ನಿಮ್ಮ ಬ್ಯಾಂಕಿನ ಕೋಡೂ ಹೋಗುತ್ತದೆ. ಇನ್ನೊಂದು ಎಡವಟ್ಟು, ನೋಂದಣಿ ಕಂಪನಿಗೆ ಅದೇ ಡೊಮೇನಿನ ಇಮೇಲ್ ಕೊಡುವುದು. ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಅಲ್ಲಿಗೆ ಒಂದು ಜಿಮೇಲ್ ಇರಲಿ. ನೋಂದಣಿ ಯಾರ ಹೆಸರಿನಲ್ಲಿ ಆಗಿದೆ ಎಂದೂ ನೋಡಿಕೊಳ್ಳಿ. ಮಾಡಿಕೊಟ್ಟವನ ಹೆಸರಿನಲ್ಲಿ ಇದ್ದರೆ ಗೇಣಿಚೀಟು ಅವನದ್ದೇ.

ಹೆಸರು ಆರಿಸುವಾಗ ಮಾವನಿಗೂ ನನಗೂ ಸಣ್ಣ ಜಗಳವಾಯಿತು. ಮೇಷ್ಟ್ರಲ್ವಾ, ಕನ್ನಡದಲ್ಲೇ ಬೇಕೆಂದರು. ಡಾಟ್ ಭಾರತ ಎಂದು ಕನ್ನಡ ಲಿಪಿಯಲ್ಲಿಯೂ ಡೊಮೇನ್ ಸಿಗುತ್ತದೆ, ಅದು ನಿಜ. ಆದರೆ ಎಷ್ಟೋ ಅರ್ಜಿ ನಮೂನೆಗಳು ಅಂಥ ಇಮೇಲನ್ನು ಒಪ್ಪುವುದಿಲ್ಲ. ಮನೆಹೆಸರು ಪೂರ್ತಿ ಹಾಕೋಣ ಎಂದರು. ಅದರಲ್ಲಿ ಒಂದು ಳ ಉಂಟು, ಒಂದು ದೀರ್ಘ ಉಂಟು. ಕಾಸರಗೋಡು ಎಂಬ ಹೆಸರನ್ನೇ ಇಂಗ್ಲಿಷಿನಲ್ಲಿ ನಡುವಿನ ಒಂದು ಎ ಬಿಟ್ಟು ಬರೆಯುವವರಿದ್ದಾರೆ, ಕೊನೆಗೆ ಇ ಸೇರಿಸುವವರಿದ್ದಾರೆ. ಮಲಯಾಳ ಮಾತಾಡುವ ಗುಮಾಸ್ತರಿಗೆ ಫೋನಿನಲ್ಲಿ ಒಂದೇ ಸಲಕ್ಕೆ ಹೇಳಲಿಕ್ಕೆ ಆಗಬೇಕು ಎಂಬುದು ನನ್ನ ವಾದ. ಹುಟ್ಟಿದ ಇಸವಿ ಸೇರಿಸುವುದೂ ಬೇಡ ಎಂದೆ, ಸುಮ್ನೆ ಕಳ್ಳರಿಗೆ ಸುಳಿವು. ಕೊನೆಗೆ ಮನೆಹೆಸರಿನ ಮೊದಲ ನಾಲ್ಕು ಅಕ್ಷರ, ಡಾಟ್ ಇನ್ ಎಂದು ತೀರ್ಮಾನವಾಯಿತು.

ಹಣ ಕಟ್ಟಿ ಆದಮೇಲೆ ಮಾವ ಕೇಳಿದರು, "ಮುಂದಿನ ಗೇಣಿ ಯಾವಾಗ?"

"ಬರುವ ಮೇ 22ಕ್ಕೆ. ಕಾರ್ಡಿನಿಂದ ತನ್ನಿಂತಾನೇ ಹೋಗುವ ಹಾಗೆ ಮಾಡಿದ್ದೇನೆ ಮಾವ."

ಅವರಿಗೆ ಅದರಲ್ಲಿ ನಂಬಿಕೆ ಇಲ್ಲ. ಮೇ ಕೊನೆಯಲ್ಲಿ ಬರುವ ನಮ್ಮ ತುಳುನಾಡಿನ ಪತ್ತನಾಜೆಯ ದಿನವೇ ಅವರಿಗೆ ಗುರುತು. ಎದ್ದು ಹೋಗಿ ಡೈರಿಯ ಕೊನೆಯ ಪುಟದಲ್ಲಿ ಬರೆದರು: ಪತ್ತನಾಜೆಗೆ ಎರಡು ದಿನ ಮೊದಲು, ಡೊಮೇನ್ ಗೇಣಿ.