‘ಮೇನ್’ ಹಡಗು ಸಿಡಿದದ್ದು ವಿಧ್ವಂಸಕ ಕೃತ್ಯದಿಂದಲೋ, ಕಲ್ಲಿದ್ದಲಿನ ಬೆಂಕಿಯಿಂದಲೋ?

ಪ್ರಶ್ನೆ: 1898ರಲ್ಲಿ, ಆಗ ಸ್ಪೇನಿನ ಆಳ್ವಿಕೆಯಲ್ಲಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ ‘ಮೇನ್’ ಯುದ್ಧನೌಕೆಯನ್ನು ಸ್ಪೇನಿನವರು ಉಡಾಯಿಸಿದರು ಎಂದು ಓದಿದ್ದೆ. ಕಲ್ಲಿದ್ದಲು ತಾನಾಗಿಯೇ ಹೊತ್ತಿಕೊಂಡಿತು ಎಂದೂ ಹೇಳುತ್ತಾರೆ. ಯಾರೂ ಕಿಡಿ ಹಚ್ಚದೆ ಅದು ಸಾಧ್ಯವೇ?

ಉತ್ತರ: ಸಾಧ್ಯ. ಒಡೆದ ಕಲ್ಲಿದ್ದಲಿನ ಹೊಸ ಮೈ ಗಾಳಿಯ ಆಮ್ಲಜನಕವನ್ನು ಹೀರಿ ಬಿಸಿಯಾಗುತ್ತದೆ. ಬಯಲಲ್ಲಿ ಹರಡಿದ್ದರೆ ಆ ಬಿಸಿ ಆರಿಹೋಗುತ್ತದೆ. ಹಡಗಿನ ಬಂಕರಿನಲ್ಲಿ, ಅಂದರೆ ಕಲ್ಲಿದ್ದಲು ತುಂಬಿಡುವ ಕೋಣೆಯಲ್ಲಿ, ಹತ್ತಾರು ಟನ್ ರಾಶಿಯ ಒಡಲಲ್ಲಿ ಆರಲು ದಾರಿಯಿಲ್ಲ. ಬಿಸಿ ಏರಿದಷ್ಟೂ ಉತ್ಕರ್ಷಣೆ (ಆಮ್ಲಜನಕದೊಡನೆ ಕೂಡುವ ಕ್ರಿಯೆ) ಚುರುಕಾಗುತ್ತದೆ, ಅದರಿಂದ ಬಿಸಿ ಮತ್ತಷ್ಟು ಏರುತ್ತದೆ. ಪುಡಿ, ತೇವ, ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಇದ್ದರೆ ಇನ್ನೂ ಬೇಗ. ಗಟ್ಟಿ ಕಲ್ಲಿದ್ದಲಾದ ಆಂಥ್ರಸೈಟ್‌ಗಿಂತ ಮೆದು ಬಗೆಯ ಬಿಟುಮಿನಸ್ ಕಲ್ಲಿದ್ದಲಿಗೆ ಈ ಗುಣ ಜಾಸ್ತಿ, ‘ಮೇನ್’ನಲ್ಲಿದ್ದದ್ದು ಬಿಟುಮಿನಸ್.

ಆದರೆ ಕನಲುವ ಕಲ್ಲಿದ್ದಲೊಂದೇ ಹಡಗನ್ನು ಸೀಳಲಾರದು. ನಿಜವಾದ ದೋಷ ವಿನ್ಯಾಸದಲ್ಲಿತ್ತು. ಬಂಕರಿಗೂ 6 ಇಂಚಿನ ಫಿರಂಗಿಗಳ ಮದ್ದಿನ ಕೋಣೆಗೂ ನಡುವೆ ಇದ್ದದ್ದು ಒಂದೇ ಉಕ್ಕಿನ ಗೋಡೆ. ಆಚೆ ಜ್ವಾಲೆಯೇ ಇಲ್ಲದೆ ಕೆಂಡ ಕನಲಿದರೂ ಉಕ್ಕು ಆ ಶಾಖವನ್ನು ಈಚೆಗೆ ದಾಟಿಸುತ್ತದೆ. ‘ಸಿನ್ಸಿನಾಟಿ’, ‘ನ್ಯೂಯಾರ್ಕ್’ ಹಡಗುಗಳಲ್ಲಿ ಇಂಥದೇ ಬೆಂಕಿ ಮೊದಲೇ ಕಾಣಿಸಿಕೊಂಡಿತ್ತು. ಎಚ್ಚರಿಕೆ ಸಿಕ್ಕಿಯೂ ಆ ಗೋಡೆ ಹಾಗೆಯೇ ಉಳಿದದ್ದು ನೋವಿನ ಸಂಗತಿ. ಫೆಬ್ರವರಿ 15ರ ರಾತ್ರಿ 260ಕ್ಕೂ ಹೆಚ್ಚು ಮಂದಿ ಸತ್ತರು.

ಹಾಗಾದರೆ ಸ್ಪೇನಿನ ಮೇಲೆ ಅನುಮಾನ ಏಕೆ? 1898ರ ತನಿಖೆಗೆ ಮುಖ್ಯ ಸಾಕ್ಷಿ ಹಡಗಿನ ಕೀಲ್, ಅಂದರೆ ತಳದ ಉದ್ದಕ್ಕೂ ಹಾಯುವ ಬೆನ್ನೆಲುಬು: ಅದು ತಲೆಕೆಳಗಾದ ‘ವಿ’ಯಂತೆ ಮೇಲಕ್ಕೆ ಬಾಗಿತ್ತು. ಹೊರಗಿನಿಂದ ನೀರಡಿಯ ಸ್ಫೋಟಕ ತಳ್ಳಿದ್ದರಿಂದಲೇ ಹೀಗಾಯಿತೆಂದು ತೀರ್ಮಾನಿಸಿದರು. 1911ರಲ್ಲಿ ಅವಶೇಷದ ಸುತ್ತ ತಡೆಗೋಡೆ ಕಟ್ಟಿ, ನೀರು ಖಾಲಿ ಮಾಡಿ ನೋಡಿದವರೂ ಹೊರಗಿನ ಸ್ಫೋಟವೆಂದರು, ಆದರೆ ಜಾಗ ಬೇರೆ ತೋರಿಸಿದರು. 1976ರಲ್ಲಿ ಅಮೆರಿಕ ನೌಕಾಪಡೆಯ ಅಡ್ಮಿರಲ್ ರಿಕೋವರ್ ತಂಡ ತಗಡುಗಳು ಬಾಗಿದ ಬಗೆಯನ್ನು ಮತ್ತೆ ಪರಿಶೀಲಿಸಿ, ಸ್ಫೋಟ ಒಳಗಿನದು, ಬಂಕರ್ ಬೆಂಕಿಯೇ ಹೆಚ್ಚು ಸಂಭವನೀಯ ಎಂದಿತು. ನೀರಡಿಯಲ್ಲಿ ಸ್ಫೋಟಕ ಸಿಡಿದರೆ ನೀರು ಕಂಬದಂತೆ ಚಿಮ್ಮಬೇಕು, ಸತ್ತ ಮೀನು ತೇಲಬೇಕು. ಅಂಥ ಗಟ್ಟಿ ಸಾಕ್ಷ್ಯ ಸಿಗಲಿಲ್ಲ. ಎಲ್ಲರೂ ಇನ್ನೂ ಒಪ್ಪಿಲ್ಲವಾದರೂ ನಮಗೆ ಬಂಕರ್ ವಾದವೇ ಬಲವಾಗಿ ಕಾಣುತ್ತದೆ.

ವಿಧ್ವಂಸಕರು ಕಲ್ಲಿದ್ದಲಿನಲ್ಲೇ ಬಾಂಬ್ ಅಡಗಿಸಿಟ್ಟಿರಬಹುದೇ? ಅಂಥ ತಂತ್ರ ಬರೀ ಕಟ್ಟುಕಥೆಯಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳವರು ಕಲ್ಲಿದ್ದಲಿನ ಗಟ್ಟಿಯಂತೆಯೇ ಕಾಣುವ ಕಬ್ಬಿಣದ ಬಾಂಬ್ ತಯಾರಿಸಿದ್ದರು. 1864ರಲ್ಲಿ ‘ಗ್ರೇಹೌಂಡ್’ ಹಡಗು ಸುಟ್ಟಾಗ ಈ ಬಾಂಬಿನ ಮೇಲೆಯೇ ಗುಮಾನಿ ಬಿತ್ತು. ಆದರೆ ಅಂಥ ಬಾಂಬ್ ಸಿಡಿಯುವುದು ಸಲಿಕೆಯಲ್ಲಿ ಒಲೆಗೆ ಬಿದ್ದಾಗ, ಹಾನಿ ಶುರುವಾಗುವುದು ಬಾಯ್ಲರಿನಿಂದ. ‘ಮೇನ್’ ಸಿಡಿದದ್ದು ಮುಂಭಾಗದ ಮದ್ದಿನ ಕೋಣೆಯಲ್ಲಿ.