ಕಂಪನಿ ಬರೆದ ಲೆಕ್ಕ, ದೇಶ ತೆತ್ತ ಬೆಲೆ

ಮಧ್ಯ ಅಮೆರಿಕದ ಗ್ವಾಟೆಮಾಲಾ 1952ರಲ್ಲಿ ಭೂಸುಧಾರಣೆ ಕಾನೂನು ತಂದಿತು. ದೊಡ್ಡ ಹಿಡುವಳಿಗಳಲ್ಲಿ ಬೀಳುಬಿದ್ದಿದ್ದ ಜಮೀನನ್ನು ಪರಿಹಾರ ಕೊಟ್ಟು ಪಡೆದು ಬಡ ರೈತರಿಗೆ ಹಂಚಬೇಕು ಎನ್ನುವುದು ಅಧ್ಯಕ್ಷ ಹಕೋಬೊ ಆರ್ಬೆನ್ಸ್ ಅವರ ಉದ್ದೇಶ. ದೇಶದ ಅತಿ ದೊಡ್ಡ ಭೂಮಾಲೀಕನಾಗಿದ್ದದ್ದು ಅಮೆರಿಕದ ಬಾಳೆಹಣ್ಣಿನ ಕಂಪನಿ ಯುನೈಟೆಡ್ ಫ್ರೂಟ್. ರೈಲು, ಬಂದರುಗಳ ಮೇಲೂ ಅದರದೇ ಹಿಡಿತ. ತೆರಿಗೆ ಉಳಿಸಲು ಕಂಪನಿ ತನ್ನ ಜಮೀನಿಗೆ ತೀರಾ ಕಡಿಮೆ ಬೆಲೆ ತೋರಿಸಿತ್ತು. ಸರ್ಕಾರ ಅದೇ ಲೆಕ್ಕ ಹಿಡಿದು ಸುಮಾರು 6 ಲಕ್ಷ ಡಾಲರ್ ಪರಿಹಾರ ಕೊಡಲು ಮುಂದಾಯಿತು. ಕಂಪನಿಯ ಪರವಾಗಿ ಅಮೆರಿಕ ಸರ್ಕಾರ ಕೇಳಿದ್ದು ಒಂದೂವರೆ ಕೋಟಿ ಡಾಲರಿಗೂ ಹೆಚ್ಚು! 1954ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಬೆಂಬಲದ ದಂಗೆ ಆರ್ಬೆನ್ಸ್ ಅವರನ್ನು ಪದಚ್ಯುತಗೊಳಿಸಿತು. ಹಂಚಿಕೆಯಾಗಿದ್ದ ಬಹುಪಾಲು ಜಮೀನು ರೈತರ ಕೈತಪ್ಪಿತು. ಕಮ್ಯುನಿಸ್ಟರ ಭಯವೂ ಇದರ ಹಿಂದಿತ್ತು, ನಿಜ. ಆದರೆ ಹೊಸದಾಗಿ ಸ್ವತಂತ್ರವಾಗುತ್ತಿದ್ದ ದೇಶಗಳು ಇದರಿಂದ ಕಲಿತ ಪಾಠ ಬೇರೆಯೇ: ಬಾವುಟ ತಮ್ಮದಾದರೆ ಸಾಲದು, ಕಂಪನಿಗಳಿಗೆ ಷರತ್ತು ಹಾಕುವ ಬಲವೂ ಬೇಕು.

ಆ ಬಲಕ್ಕಾಗಿ 1970ರ ದಶಕದಲ್ಲಿ ಅವು ಒಟ್ಟಾದವು. ಚಿಲಿಯ ಅಧ್ಯಕ್ಷ ಸಾಲ್ವಡೋರ್ ಅಯೆಂದೆ 1972ರಲ್ಲಿ ವಿಶ್ವಸಂಸ್ಥೆಯಲ್ಲಿ ಬಹುರಾಷ್ಟ್ರೀಯ ಕಂಪನಿಗಳ ಹಸ್ತಕ್ಷೇಪದ ವಿರುದ್ಧ ಗುಡುಗಿದರು. ಮರುವರ್ಷವೇ ಸೇನಾ ದಂಗೆಯಲ್ಲಿ ಪ್ರಾಣ ಕಳೆದುಕೊಂಡರು. ಕಂಪನಿಗಳಿಗೊಂದು ನೀತಿ ಸಂಹಿತೆ ರೂಪಿಸುವ ಕೆಲಸ ವಿಶ್ವಸಂಸ್ಥೆಯಲ್ಲಿ ಶುರುವಾಯಿತು. ಅಷ್ಟರಲ್ಲಿ, 1982ರಿಂದ, ಸಾಲದ ಬಿಕ್ಕಟ್ಟು ಒಂದೊಂದೇ ದೇಶವನ್ನು ಹಿಡಿಯಿತು. ಷರತ್ತು ಹಾಕುತ್ತೇವೆ ಎಂದಿದ್ದವರು ಬಂಡವಾಳಕ್ಕಾಗಿ ಪೈಪೋಟಿಗೆ ಬಿದ್ದು ರಿಯಾಯಿತಿ ಕೊಡತೊಡಗಿದರು. 1992ರಲ್ಲಿ ಸಂಹಿತೆಯ ಮಾತುಕತೆಯೇ ನಿಂತಿತು.

ನನ್ನ ದೃಷ್ಟಿಯಲ್ಲಿ ನಿಜವಾದ ನಷ್ಟವಾದದ್ದು ಆಮೇಲೆ. ವಿದೇಶಿ ಕಂಪನಿ ಬಂದರೆ ಉದ್ಯೋಗ, ತಂತ್ರಜ್ಞಾನ ಬರಬಹುದು. ಆದರೆ ಅವು ತಾವಾಗಿ ನೆಲಕ್ಕಿಳಿಯುವುದಿಲ್ಲ. ಬಿಡಿಭಾಗಗಳಲ್ಲಿ ಇಷ್ಟು ಪಾಲನ್ನು ಸ್ಥಳೀಯವಾಗಿ ಕೊಳ್ಳಲೇಬೇಕು ಎಂಬಂಥ ನಿಯಮಗಳ ಬಲದಿಂದಲೇ ದಕ್ಷಿಣ ಕೊರಿಯಾ ತನ್ನ ಕಾರು ಉದ್ಯಮ ಬೆಳೆಸಿತು. 1995ರಲ್ಲಿ ಹುಟ್ಟಿದ ವಿಶ್ವ ವ್ಯಾಪಾರ ಸಂಸ್ಥೆ ಅಂಥ ನಿಯಮಗಳನ್ನೇ ನಿಷೇಧಿಸಿತು. ಮೇಲೇರಿದವರು ಬಳಸಿದ ಏಣಿ ಹಿಂದೆ ಬಂದವರಿಗೆ ಸಿಗದಂತಾಯಿತು.

ಜೊತೆಗೆ ವಿದೇಶಿ ಹೂಡಿಕೆಗೆ ರಕ್ಷಣೆ ಕೊಡಲು ದೇಶ ದೇಶಗಳ ನಡುವೆ ಹೂಡಿಕೆ ಒಪ್ಪಂದಗಳು ಬಂದವು. ಇವುಗಳ ಬಲದಿಂದ ಕಂಪನಿಯೊಂದು ಸರ್ಕಾರವನ್ನೇ ಅಂತರರಾಷ್ಟ್ರೀಯ ಪಂಚಾಯ್ತಿಗೆ ಎಳೆಯಬಹುದು. ಸಿಗರೇಟು ಪೊಟ್ಟಣದ ಮೇಲಿನ ಎಚ್ಚರಿಕೆಯನ್ನು ದೊಡ್ಡದು ಮಾಡಿದ್ದಕ್ಕೆ ಉರುಗ್ವೆ ವಿರುದ್ಧ ಫಿಲಿಪ್ ಮಾರಿಸ್ 2010ರಲ್ಲಿ ದಾವೆ ಹೂಡಿತು. 2016ರಲ್ಲಿ ಉರುಗ್ವೆ ಗೆದ್ದಿತು. ಆದರೆ ಆರು ವರ್ಷದ ಕಾನೂನು ಹೋರಾಟ ಎಷ್ಟು ಬಡದೇಶಗಳ ಕೈಲಾದೀತು?

ಗ್ವಾಟೆಮಾಲಾದ ಜಮೀನಿನ ಲೆಕ್ಕದಂಥದ್ದೇ ಆಟ ಇಂದು ತೆರಿಗೆಯಲ್ಲಿ ನಡೆಯುತ್ತಿದೆ. ಕಂಪನಿಯ ಒಂದು ಶಾಖೆ ಇನ್ನೊಂದು ಶಾಖೆಗೆ ಬ್ರಾಂಡ್ ಶುಲ್ಕ, ಬಡ್ಡಿ, ಸಲಹಾ ಶುಲ್ಕ ಕಟ್ಟುತ್ತದೆ; ಬೆಲೆ ನಿಗದಿ ಮಾಡುವುದೂ ಕಂಪನಿಯೇ. ಹೀಗೆ ದುಡಿಮೆ ನಡೆದ ದೇಶದಲ್ಲಿ ಲಾಭ ಕರಗಿ, ತೆರಿಗೆಯೇ ಇಲ್ಲದ ದ್ವೀಪದಲ್ಲಿ ಪ್ರತ್ಯಕ್ಷವಾಗುತ್ತದೆ. ಇದನ್ನು ತಡೆಯುವ ಜಾಗತಿಕ ನಿಯಮಗಳನ್ನು ಬಹುಕಾಲ ಬರೆದದ್ದು ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ. ಆ ಕೆಲಸ ವಿಶ್ವಸಂಸ್ಥೆಗೆ ಬರಲಿ ಎಂದು ಆಫ್ರಿಕಾದ ದೇಶಗಳು ಪಟ್ಟು ಹಿಡಿದವು. 2023ರ ನವೆಂಬರ್‌ನಲ್ಲಿ ಅವುಗಳ ನಿರ್ಣಯದ ಪರ 125, ವಿರುದ್ಧ 48 ಮತ ಬಿದ್ದವು. ವಿರೋಧಿಸಿದವರಲ್ಲಿ ಹೆಚ್ಚಿನವರು, ದೊಡ್ಡ ಕಂಪನಿಗಳ ತವರಾದ ಶ್ರೀಮಂತ ದೇಶಗಳು.