ಸರ್‌ಪ್ಲಸ್ ವ್ಯಾಲ್ಯೂ: ಬೇಸ್‌ಬಾಲ್ ಕರಾರನ್ನು ತೂಗುವ ಬಗೆ

ಬಂದ ಹಣ ಖರ್ಚಿಗಿಂತ ಹೆಚ್ಚಿದ್ದರೆ ಅದನ್ನು ‘ಮಿಗತೆ ಬಜೆಟ್’ ಎನ್ನುತ್ತೇವೆ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ‘ಸರ್‌ಪ್ಲಸ್ ವ್ಯಾಲ್ಯೂ’ ಎಂದರೂ ಇಂಥದೇ ಒಂದು ಮಿಗತೆ. ಕರಾರು ಮುಗಿಯುವವರೆಗೆ ಆಟಗಾರನಿಂದ ತಂಡಕ್ಕೆ ಸಿಗಬಹುದಾದ ಆಟಕ್ಕೆ ಮಾರುಕಟ್ಟೆಯ ಬೆಲೆ ಕಟ್ಟಿ, ಅದರಿಂದ ಅವನಿಗೆ ಇನ್ನೂ ಕೊಡಬೇಕಾದ ಸಂಬಳ ಕಳೆದರೆ ಉಳಿಯುವ ಮೊತ್ತ ಇದು. ಮಾರ್ಕ್ಸ್ ಓದಿದವರಿಗೆ ‘ಹೆಚ್ಚುವರಿ ಮೌಲ್ಯ’ ನೆನಪಾದರೆ ತಪ್ಪಿಲ್ಲ. ಆಟಗಾರರ ಸಂಘದವರನ್ನು ಕೇಳಿದರೆ ಎರಡೂ ಬಹಳ ದೂರವೇನಲ್ಲ ಎಂದಾರು.

ಟ್ರೇಡ್ ಆದಾಗ ಆಟಗಾರನ ಜೊತೆ ಅವನ ಕರಾರೂ ಇದ್ದಂತೆಯೇ ಹೊಸ ತಂಡಕ್ಕೆ ಹೋಗುತ್ತದೆ. ಐಪಿಎಲ್ ನೋಡುವವರಿಗೆ ಇದು ತೀರ ಹೊಸದಲ್ಲ. 2023ರ ನವೆಂಬರ್‌ನಲ್ಲಿ ಕ್ಯಾಮರೂನ್ ಗ್ರೀನ್ ಮುಂಬೈಯಿಂದ ಬೆಂಗಳೂರಿಗೆ ಬಂದಾಗ ಅವರ 17.5 ಕೋಟಿ ರೂಪಾಯಿಯ ಸಂಬಳವೂ ಆರ್‌ಸಿಬಿಯ ಲೆಕ್ಕಕ್ಕೆ ಬಂತು. ಆದರೆ ಐಪಿಎಲ್‌ನ ಕರಾರುಗಳನ್ನು ಮೆಗಾ ಹರಾಜು ಕೆಲವು ವರ್ಷಕ್ಕೊಮ್ಮೆ ಕಲಸಿಬಿಡುತ್ತದೆ. ಬೇಸ್‌ಬಾಲ್‌ನಲ್ಲಿ ಹತ್ತು, ಹದಿನೈದು ವರ್ಷದ ಕರಾರುಗಳಿವೆ, ಆಟ ಕೆಟ್ಟರೂ ಸಂಬಳ ತಪ್ಪುವುದಿಲ್ಲ. ಹಾಗಾಗಿ ಅಲ್ಲಿ ಯಾರು ಚೆನ್ನಾಗಿ ಆಡುತ್ತಾನೆ ಎಂಬುದರಷ್ಟೇ, ಅವನು ಎಷ್ಟಕ್ಕೆ ಮತ್ತು ಎಷ್ಟು ದಿನ ನಮ್ಮವನು ಎಂಬುದೂ ಮುಖ್ಯವಾಗುತ್ತದೆ.

ಲೆಕ್ಕ ಶುರುವಾಗುವುದು ‘ವಾರ್’ ಎಂಬ ಅಳತೆಯಿಂದ. ಕೆಳಗಿನ ಲೀಗಿನಿಂದ ಕನಿಷ್ಠ ಸಂಬಳಕ್ಕೆ ಯಾವಾಗ ಬೇಕಾದರೂ ಕರೆತರಬಹುದಾದ ಸಾಮಾನ್ಯ ಬದಲಿ ಆಟಗಾರನಿಗಿಂತ ಇವನಿಂದ ತಂಡಕ್ಕೆ ಎಷ್ಟು ಗೆಲುವು ಹೆಚ್ಚು ಎಂಬುದೇ ವಾರ್. ತಂಡದ ತುಂಬ ಬದಲಿ ಆಟಗಾರರೇ ಇದ್ದರೆ 162 ಪಂದ್ಯಗಳಲ್ಲಿ ಸುಮಾರು 48 ಗೆಲ್ಲಬಹುದು ಎಂಬುದು ಒಪ್ಪಿತ ಅಂದಾಜು. ಸುಮಾರು ಹತ್ತು ರನ್ ಸೇರಿದರೆ ಒಂದು ಗೆಲುವು. ಎರಡು ವಾರ್ ಇದ್ದರೆ ಖಾಯಂ ಆಡುವವನು, ಐದಿದ್ದರೆ ಆಲ್‌ಸ್ಟಾರ್ ಮಟ್ಟ, ಎಂಟು ದಾಟಿದರೆ ಎಂವಿಪಿ (ವರ್ಷದ ಅತ್ಯಮೂಲ್ಯ ಆಟಗಾರ) ಮಾತು.

ಎರಡನೆಯದು ಒಂದು ವಾರ್‌ಗೆ ಎಷ್ಟು ಡಾಲರ್ ಎಂಬುದು. ಇದನ್ನು ಫ್ರೀ ಏಜೆಂಟ್ ಮಾರುಕಟ್ಟೆಯಿಂದ ತೆಗೆಯುತ್ತಾರೆ. ಯಾವ ತಂಡಕ್ಕಾದರೂ ಸೇರಬಹುದಾದ ಆಟಗಾರರಿಗೆ ಆ ಚಳಿಗಾಲದಲ್ಲಿ ತಂಡಗಳು ಕೊಟ್ಟ ಒಟ್ಟು ಹಣವನ್ನು ಅವರಿಂದ ನಿರೀಕ್ಷಿಸಿದ ಒಟ್ಟು ವಾರ್‌ನಿಂದ ಭಾಗಿಸುವುದು. ಇತ್ತೀಚಿನ ವರ್ಷಗಳಲ್ಲಿ ಈ ಅಂಕಿ 80 ಲಕ್ಷದಿಂದ 1 ಕೋಟಿ ಡಾಲರ್ ಆಸುಪಾಸಿನಲ್ಲಿದೆ. ಭಾಗಿಸಬೇಕಾದದ್ದು ಮುಂದೆ ಬರಬಹುದಾದ ವಾರ್‌ನಿಂದ, ಹೋದ ವರ್ಷ ಬಂದದ್ದರಿಂದ ಅಲ್ಲ. ಹೊಸಬರು ಮೊದಲು ಎಡವುವುದು ಇಲ್ಲೇ.

ಮೂರನೆಯದು ಸಂಬಳ. ಮಿಗತೆ ಹುಟ್ಟುವುದೇ ಇಲ್ಲಿ. ಫ್ರೀ ಏಜೆಂಟ್ ಆಗಲು ಆಟಗಾರನಿಗೆ ಆರು ವರ್ಷದ ಸೇವಾವಧಿ ಬೇಕು, 172 ದಿನಕ್ಕೆ ಒಂದು ವರ್ಷ. ಮೊದಲ ಮೂರು ವರ್ಷ ತಂಡ ಕೊಟ್ಟಷ್ಟೇ ಸಂಬಳ, ಅದೂ ಬಹುತೇಕ ಕನಿಷ್ಠ ಮೊತ್ತವೇ (2025ರಲ್ಲಿ 7.6 ಲಕ್ಷ ಡಾಲರ್). ಮೈಕ್ ಟ್ರೌಟ್ 2012ರಲ್ಲಿ ಸುಮಾರು ಹತ್ತು ವಾರ್ ಆಡಿ ತೋರಿಸಿದರು. ಮರುವರ್ಷ ಅವರ ಸಂಬಳ 5.1 ಲಕ್ಷ ಡಾಲರ್. ಆಮೇಲಿನ ಮೂರು ವರ್ಷ ಆರ್ಬಿಟ್ರೇಷನ್. ತಂಡ ಒಂದು ಅಂಕಿ, ಆಟಗಾರ ಒಂದು ಅಂಕಿ ಮುಂದಿಡುತ್ತಾರೆ. ವಿಚಾರಣೆಯವರೆಗೆ ಹೋದರೆ ಮೂವರ ಸಮಿತಿ ಎರಡರಲ್ಲಿ ಒಂದನ್ನೇ ಆರಿಸಬೇಕು, ನಡುವಿನದು ಕೊಡುವಂತಿಲ್ಲ. ಈ ಮೂರು ವರ್ಷಗಳಲ್ಲಿ ಸಂಬಳ ಮಾರುಕಟ್ಟೆ ಬೆಲೆಯತ್ತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಆದರೂ ಅದನ್ನು ಮುಟ್ಟುವುದಿಲ್ಲ. ಎರಡರಿಂದ ಮೂರು ವರ್ಷದ ಸೇವೆಯಿರುವವರಲ್ಲಿ ಮೇಲಿನ ಶೇ. 22 ಮಂದಿಗೆ ‘ಸೂಪರ್ ಟೂ’ ಎಂದು ಒಂದು ವರ್ಷ ಮೊದಲೇ ಆರ್ಬಿಟ್ರೇಷನ್ ಸಿಗುತ್ತದೆ. ಅಂಥವನಿಗೆ ಮೂರರ ಬದಲು ನಾಲ್ಕು ಏರಿಕೆ, ಅಷ್ಟರಮಟ್ಟಿಗೆ ತಂಡದ ಮಿಗತೆ ಇಳಿಯುತ್ತದೆ.

ಹೆಚ್ಚು ಜನ ಗಮನಿಸದ ಒಂದು ಸಂಗತಿ: ಆರ್ಬಿಟ್ರೇಷನ್ ಸಮಿತಿಯ ಮುಂದೆ ತೂಕ ಬರುವುದು ಹೋಮ್ ರನ್, ಆರ್‌ಬಿಐ (ಬ್ಯಾಟರ್ ತನ್ನ ಹೊಡೆತದಿಂದ ತಂದ ರನ್), ಸೇವ್ (ಪಿಚರ್ ಮುನ್ನಡೆ ಕಾಪಾಡಿ ಮುಗಿಸಿದ ಪಂದ್ಯ) ಮುಂತಾದ ಹಳೆಯ ಅಂಕಿಗಳಿಗೆ. ಪಿಚರ್ ಎಂದರೆ ಚೆಂಡು ಎಸೆಯುವವನು. ಫೀಲ್ಡಿಂಗ್‌ನಿಂದ ವಾರ್ ಗಳಿಸುವ ಶಾರ್ಟ್‌ಸ್ಟಾಪ್‌ಗೆ ಅಲ್ಲಿ ಕಡಿಮೆ ದಕ್ಕುತ್ತದೆ, ಅವನ ಮಿಗತೆ ತಂಡಕ್ಕೆ ಹೆಚ್ಚು. ಕೊನೆಯ ಇನಿಂಗ್ಸ್ ಎಸೆಯುವ ಕ್ಲೋಸರ್‌ನದು ಇದಕ್ಕೆ ತದ್ವಿರುದ್ಧ.

ಒಂದು ದಿನದ ಬೆಲೆ ಎಷ್ಟಿರಬಹುದು ಎಂಬುದಕ್ಕೆ ಕ್ರಿಸ್ ಬ್ರಯಂಟ್ ಉದಾಹರಣೆ. 2015ರಲ್ಲಿ ಚಿಕಾಗೊ ಕಬ್ಸ್ ಅವರನ್ನು ಸೀಸನ್ ಶುರುವಾಗಿ ಹನ್ನೆರಡು ದಿನ ಕಳೆದ ಮೇಲೆ, ಏಪ್ರಿಲ್ 17ರಂದು ಕರೆಸಿತು. ವರ್ಷದ ಕೊನೆಗೆ ಸೇವೆ 171 ದಿನ, ಒಂದು ದಿನ ಕಮ್ಮಿ. ಹೀಗೆ ಕಬ್ಸ್‌ಗೆ ಅವರ ಮೇಲೆ ಇನ್ನೊಂದು ಪೂರ್ತಿ ಸೀಸನ್‌ನ ಹಕ್ಕು ಸಿಕ್ಕಿತು. ಬ್ರಯಂಟ್ ದೂರು ಕೊಟ್ಟರು, 2020ರಲ್ಲಿ ತೀರ್ಪು ತಂಡದ ಪರವಾಯಿತು. ಲೀಗ್ ಮತ್ತು ಆಟಗಾರರ ಸಂಘದ 2022ರ ಒಪ್ಪಂದದ ನಂತರ ಈ ಆಟ ಸ್ವಲ್ಪ ಕಷ್ಟವಾಗಿದೆ. ರೂಕಿ ಆಫ್ ದಿ ಇಯರ್ (ವರ್ಷದ ಅತ್ಯುತ್ತಮ ಹೊಸಬ) ಮತದಾನದಲ್ಲಿ ಮೊದಲೆರಡು ಸ್ಥಾನ ಬಂದ ಅರ್ಹ ಹೊಸಬನಿಗೆ ಪೂರ್ತಿ ವರ್ಷದ ಸೇವೆ ಸಿಗುತ್ತದೆ. 2024ರ ಮೇ ತಿಂಗಳಲ್ಲಿ ಬಂದ ಪಿಚರ್ ಪಾಲ್ ಸ್ಕೀನ್ಸ್‌ಗೆ ಹಾಗೇ ಸಿಕ್ಕಿತು.

ಈಗ ಕಲ್ಪಿತ ಆಟಗಾರರಿಬ್ಬರನ್ನು ತಕ್ಕಡಿಗೆ ಹಾಕೋಣ. ವಾರ್‌ಗೆ 80 ಲಕ್ಷ ಎಂದಿಟ್ಟುಕೊಳ್ಳಿ. ಮೊದಲನೆಯವನಿಗೆ ಮೂರು ವರ್ಷ ಬಾಕಿ, ನಿರೀಕ್ಷಿತ ವಾರ್ 3, 3, 2.5. ಆಟದ ಬೆಲೆ 2.4, 2.4, 2 ಕೋಟಿ, ಒಟ್ಟು 6.8 ಕೋಟಿ. ಸಂಬಳ 1, 1.2, 1.5 ಕೋಟಿ, ಒಟ್ಟು 3.7 ಕೋಟಿ. ಮಿಗತೆ 3.1 ಕೋಟಿ. ನಾಳಿನ ಹಣ ಇಂದಿನದಕ್ಕೆ ಸಮವಲ್ಲವಾದ್ದರಿಂದ ವರ್ಷಕ್ಕೆ ಶೇ. 8ರಂತೆ ಇಳಿಸಿದರೆ ಸುಮಾರು 2.94 ಕೋಟಿ. ಎರಡನೆಯವನು ಮೂವತ್ತೆರಡರ ಹೆಸರಾಂತ ಬ್ಯಾಟರ್. ಐದು ವರ್ಷ ಬಾಕಿ, ವರ್ಷಕ್ಕೆ 3 ಕೋಟಿ. ಈ ವರ್ಷ 4 ವಾರ್, ವಯಸ್ಸಿನಿಂದಾಗಿ ವರ್ಷಕ್ಕೆ ಅರ್ಧ ವಾರ್ ಇಳಿಕೆ: 4, 3.5, 3, 2.5, 2. ಒಟ್ಟು 15 ವಾರ್, ಬೆಲೆ 12 ಕೋಟಿ, ಸಂಬಳ 15 ಕೋಟಿ. ಮಿಗತೆ ಸೊನ್ನೆಗಿಂತ 3 ಕೋಟಿ ಕೆಳಗೆ. ನಾಳಿನ ಪಂದ್ಯಕ್ಕೆ ಎರಡನೆಯವನೇ ಮೇಲು. ಆದರೂ ಅವನನ್ನು ಕಳಿಸಬೇಕೆಂದರೆ ಸುಮಾರು 3 ಕೋಟಿ ಡಾಲರ್ ಜೊತೆಗೆ ಕಟ್ಟಿಕೊಡಬೇಕು, ಇಲ್ಲವೇ ಅಷ್ಟೇ ಬೆಲೆಯ ಕಿರಿಯನನ್ನು.

ಹೀಗೆ ಕಿರಿಯನನ್ನು ಕಟ್ಟಿಕೊಡುವುದು ನಿಜಕ್ಕೂ ನಡೆಯುತ್ತದೆ. 2015ರ ಜೂನ್‌ನಲ್ಲಿ ಅರಿಜೋನಾ ಡೈಮಂಡ್‌ಬ್ಯಾಕ್ಸ್, ಗಾಯಾಳು ಪಿಚರ್ ಬ್ರಾನ್ಸನ್ ಅರೋಯೊ ಅವರ ಬಾಕಿ ಸಂಬಳದಿಂದ ಪಾರಾಗಲು ಹಿಂದಿನ ವರ್ಷವಷ್ಟೇ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪದ್ಧತಿ) ಮೊದಲ ಸುತ್ತಿನಲ್ಲಿ ಆರಿಸಿದ್ದ ಟೂಕಿ ಟೂಸಾಂಟ್ ಅವರನ್ನೂ ಅಟ್ಲಾಂಟಾ ಬ್ರೇವ್ಸ್‌ಗೆ ಕೊಟ್ಟುಬಿಟ್ಟಿತು. ಪ್ರತಿಯಾಗಿ ಬಂದದ್ದು ಫಿಲ್ ಗಾಸಲಿನ್ ಎಂಬ ಬದಲಿ ಇನ್‌ಫೀಲ್ಡರ್. ಅಟ್ಲಾಂಟಾ ಹಣ ಕೊಟ್ಟು ಪ್ರತಿಭೆ ಕೊಂಡಿತ್ತು, ಕಾಗದದ ಮೇಲೆ ಮಾತ್ರ ಅದು ಟ್ರೇಡ್. ಅದೇ ಡಿಸೆಂಬರ್‌ನಲ್ಲಿ ಅದೇ ಎರಡು ತಂಡಗಳ ನಡುವೆ ಇನ್ನೂ ದೊಡ್ಡದಾಯಿತು. ಮೂರು ವರ್ಷ ಬಾಕಿಯಿದ್ದ ಪಿಚರ್ ಶೆಲ್ಬಿ ಮಿಲ್ಲರ್‌ಗಾಗಿ ಅರಿಜೋನಾ ಕೊಟ್ಟದ್ದು ಔಟ್‌ಫೀಲ್ಡರ್ ಎಂಡರ್ ಇನ್ಸಿಯಾರ್ಟೆ, ಆ ವರ್ಷದ ಡ್ರಾಫ್ಟ್‌ನಲ್ಲಿ ಮೊಟ್ಟಮೊದಲು ಆರಿಸಿದ್ದ ಡ್ಯಾನ್ಸ್‌ಬಿ ಸ್ವಾನ್ಸನ್, ಜೊತೆಗೆ ಪಿಚರ್ ಆರನ್ ಬ್ಲೇರ್. ಮಿಲ್ಲರ್ 2016ರಲ್ಲಿ 6.15 ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ, ಕಮ್ಮಿಯಿದ್ದಷ್ಟೂ ಒಳ್ಳೆಯದು) ಕೊಟ್ಟದ್ದರಿಂದ ಇದು ಕೆಟ್ಟ ಟ್ರೇಡ್ ಎನ್ನುವವರಿದ್ದಾರೆ. ಅದು ಸರಿಯಾದ ಕಾರಣವಲ್ಲ. ಮಿಲ್ಲರ್ ಮೊದಲಿನಂತೆಯೇ ಎಸೆದಿದ್ದರೂ ಇನ್ಸಿಯಾರ್ಟೆ ಒಬ್ಬರೇ ಅವರ ಹತ್ತಿರಹತ್ತಿರ ತೂಗುತ್ತಿದ್ದರು. ಐದು ವರ್ಷದ ಅಗ್ಗದ ಸೇವೆ ಅವರಲ್ಲಿ ಬಾಕಿಯಿತ್ತು. ಲೆಕ್ಕ ತಪ್ಪಿದ್ದು ಸಹಿ ಹಾಕಿದ ದಿನವೇ.

ಈ ಸೂತ್ರ ಕೈಕೊಡುವ ಜಾಗಗಳೂ ಇವೆ. ಮೊದಲನೆಯದು, ವಾರ್‌ನ ಬೆಲೆ ನೇರಗೆರೆಯಲ್ಲಿ ಏರುತ್ತದೆಂಬ ಊಹೆ. ಎರಡು ವಾರ್‌ನ ಮೂವರು ಮತ್ತು ಆರು ವಾರ್‌ನ ಒಬ್ಬ ಕಾಗದದಲ್ಲಿ ಸಮ. ಆದರೆ ಪಟ್ಟಿಯಲ್ಲಿರುವುದು 26 ಜಾಗ. ಒಬ್ಬನೇ ಆರು ಕೊಟ್ಟರೆ ಇನ್ನೆರಡು ಜಾಗ ಖಾಲಿ ಉಳಿಯುತ್ತದೆ. ಚಿಲ್ಲರೆ ಕೂಡಿಸಿ ನೋಟು ಕೇಳುವ ಟ್ರೇಡ್ ಪ್ರಸ್ತಾಪಗಳು ಬಿದ್ದುಹೋಗುವುದು ಇದಕ್ಕೇ.

ಎರಡನೆಯದು ಕಾಲ. ಜುಲೈ ಕೊನೆಯ ಗಡುವಿನ ಹೊತ್ತಿಗೆ ಸೀಸನ್‌ನ ಮೂರನೇ ಒಂದು ಭಾಗವಷ್ಟೇ ಉಳಿದಿರುತ್ತದೆ. ಆರು ವಾರ್‌ನವನಿಂದ ಸಿಗುವುದು ಎರಡು. ಪ್ಲೇಆಫ್ ಅಂಚಿನಲ್ಲಿರುವ ತಂಡಕ್ಕೆ ಆ ಎರಡು ಗೆಲುವು ಕೊನೆಯ ಸ್ಥಾನದ ತಂಡದ ಹತ್ತು ಗೆಲುವಿಗಿಂತ ದೊಡ್ಡದು, ಹಾಗಾಗಿ ಮಾಮೂಲಿ ದರ ಅಲ್ಲಿ ನಡೆಯುವುದಿಲ್ಲ. ಸೀಸನ್ ಮಧ್ಯೆ ತಂಡ ಬದಲಿಸಿದವನಿಗೆ ಆ ವರ್ಷ ಕ್ವಾಲಿಫೈಯಿಂಗ್ ಆಫರ್ (ಫ್ರೀ ಏಜೆಂಟ್ ಆಗುವವನಿಗೆ ತಂಡ ಮುಂದಿಡುವ ನಿಗದಿತ ಮೊತ್ತದ ಒಂದು ವರ್ಷದ ಕರಾರು) ಕೊಡುವಂತಿಲ್ಲ. ಅವನು ಬಿಟ್ಟುಹೋದರೆ ಪರಿಹಾರವಾಗಿ ಡ್ರಾಫ್ಟ್‌ನಲ್ಲಿ ಹೆಚ್ಚುವರಿ ಆಯ್ಕೆಯೂ ಇಲ್ಲ. ಕೊಳ್ಳುವವರು ಇದನ್ನು ಬೆಲೆಯಿಂದ ಕಳೆಯಬೇಕು. 2022ರ ಆಗಸ್ಟ್‌ನಲ್ಲಿ ಹ್ವಾನ್ ಸೋಟೊಗಾಗಿ ಸ್ಯಾನ್ ಡಿಯೆಗೊ ತಂಡ ಅಬ್ರಮ್ಸ್, ಗೋರ್, ವುಡ್ ಸೇರಿ ಅಷ್ಟೊಂದು ಕಿರಿಯರನ್ನು ಕೊಟ್ಟದ್ದು ಎರಡು ತಿಂಗಳ ಆಟಕ್ಕಲ್ಲ. ಮುಂದಿನ ಎರಡು ಪೂರ್ತಿ ಸೀಸನ್‌ಗಳೂ ಜೊತೆಗೆ ಬಂದವು.

ಮೂರನೆಯದು ಆಯ್ಕೆಯ ಹಕ್ಕು. ತಂಡದ ಕೈಯಲ್ಲಿ ಆಯ್ಕೆಯಿರುವ ವರ್ಷದಲ್ಲಿ ಮಿಗತೆ ಎಂದೂ ಸೊನ್ನೆಗಿಂತ ಹೆಚ್ಚು ಕೆಳಗಿಳಿಯದು. ಬೇಡವಾದರೆ ಸಣ್ಣ ಮೊತ್ತ ಕೊಟ್ಟು ಕೈಬಿಡಬಹುದು. ಆರ್ಬಿಟ್ರೇಷನ್ ವರ್ಷಗಳೂ ಹೀಗೇ, ಕರಾರು ಕೊಡದೆ ಬಿಟ್ಟರಾಯಿತು. ರೊನಾಲ್ಡ್ ಅಕುನ್ಯಾ ಜೂನಿಯರ್ 2019ರಲ್ಲಿ ಎಂಟು ವರ್ಷಕ್ಕೆ 10 ಕೋಟಿಗೆ ಒಪ್ಪಿದ ಕರಾರಿನ ಕೊನೆಗೆ 1.7 ಕೋಟಿಯ ಇಂಥ ಎರಡು ವರ್ಷಗಳಿವೆ. ಅವು ತಂಡಕ್ಕೆ ಚಿನ್ನ. ಆಟಗಾರನ ಕೈಯಲ್ಲಿ ಆಪ್ಟ್‌ಔಟ್ ಇದ್ದರೆ ಎಲ್ಲ ತಿರುಗುಮುರುಗು. ಚೆನ್ನಾಗಿ ಆಡಿದರೆ ಹೊರಡುತ್ತಾನೆ, ಕೆಟ್ಟರೆ ಉಳಿಯುತ್ತಾನೆ. ಸರಾಸರಿ ತೆಗೆದು ಲೆಕ್ಕ ಹಾಕಿದರೆ ಈ ನಷ್ಟ ಕಾಣುವುದೇ ಇಲ್ಲ. ಒಳ್ಳೆಯ ದಾರಿ, ಕೆಟ್ಟ ದಾರಿ ಎರಡನ್ನೂ ಬೇರೆಬೇರೆ ಹಾಕಿ ನೋಡಬೇಕು.

ಮುಖಬೆಲೆಗೂ ಮೋಸ ಹೋಗಬಾರದು. ಶೊಹೆ ಒಟಾನಿ 2023ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್ ಡಾಜರ್ಸ್ ಜೊತೆ ಮಾಡಿಕೊಂಡ ಕರಾರು ಹತ್ತು ವರ್ಷಕ್ಕೆ 70 ಕೋಟಿ ಡಾಲರ್. ಅದರಲ್ಲಿ ವರ್ಷಕ್ಕೆ 6.8 ಕೋಟಿಯನ್ನು ಬಡ್ಡಿಯಿಲ್ಲದೆ 2034ರಿಂದ 2043ರವರೆಗೆ ಕೊಡುವುದು. ಲಕ್ಷುರಿ ತೆರಿಗೆಯ (ತಂಡದ ಒಟ್ಟು ಸಂಬಳ ಮಿತಿ ದಾಟಿದರೆ ಲೀಗ್‌ಗೆ ಕಟ್ಟುವ ಹಣ) ಲೆಕ್ಕಕ್ಕೆ ಇದು ವರ್ಷಕ್ಕೆ ಸುಮಾರು 4.6 ಕೋಟಿ ಮಾತ್ರ. ತೆರಿಗೆಯೂ ಮರೆಯುವಂಥದ್ದಲ್ಲ. 2025ರಲ್ಲಿ ಮಿತಿ 24.1 ಕೋಟಿ. ಸತತ ಮೂರನೇ ವರ್ಷ ಮಿತಿ ದಾಟಿದ ತಂಡ ಮಿತಿ ಮೀರಿದ ಭಾಗಕ್ಕೆ ಕನಿಷ್ಠ ಶೇ. 50 ತೆರಿಗೆ ಕಟ್ಟುತ್ತದೆ. ಅಂಥ ತಂಡಕ್ಕೆ 1 ಕೋಟಿ ಸಂಬಳದವನು ಒಂದೂವರೆ ಕೋಟಿಯವನು. ಅದೇ ಆಟಗಾರನ ಮಿಗತೆ ಎರಡು ತಂಡಗಳಿಗೆ ಎರಡು ಥರ.

ಕಡೆಗೆ ಆಟಗಾರನ ಒಪ್ಪಿಗೆ. ಹತ್ತು ವರ್ಷದ ಸೇವೆ, ಅದರಲ್ಲಿ ಕೊನೆಯ ಐದು ಒಂದೇ ತಂಡದಲ್ಲಿ ಆಗಿದ್ದರೆ ಟ್ರೇಡ್ ತಡೆಯುವ ಹಕ್ಕು ತಾನಾಗಿ ಬರುತ್ತದೆ. ಕೆಲವರು ಅದನ್ನು ಕರಾರಿನಲ್ಲೇ ಬರೆಸಿಕೊಂಡಿರುತ್ತಾರೆ. 2017ರಲ್ಲಿ 59 ಹೋಮ್ ರನ್ ಹೊಡೆದು ಎಂವಿಪಿ ಆದ ಜಾನ್‌ಕಾರ್ಲೊ ಸ್ಟ್ಯಾಂಟನ್ ಹಾಗೆ ಬರೆಸಿಕೊಂಡಿದ್ದರು. ಮಯಾಮಿ ಮಾರ್ಲಿನ್ಸ್ ಸೇಂಟ್ ಲೂಯಿಸ್ ಜೊತೆಗೂ ಸ್ಯಾನ್ ಫ್ರಾನ್ಸಿಸ್ಕೊ ಜೊತೆಗೂ ಮಾತು ಮುಗಿಸಿತ್ತು. ಸ್ಟ್ಯಾಂಟನ್ ಎರಡನ್ನೂ ಒಲ್ಲೆ ಎಂದರು. ಹತ್ತು ವರ್ಷ, 29.5 ಕೋಟಿ ಡಾಲರ್ ಬಾಕಿ. ಕೊನೆಗೆ ನ್ಯೂಯಾರ್ಕ್ ಯಾಂಕೀಸ್ ಪಾಲಾದಾಗ ಮಯಾಮಿಗೆ ದಕ್ಕಿದ್ದು ಸ್ಟಾರ್ಲಿನ್ ಕ್ಯಾಸ್ಟ್ರೊ ಮತ್ತು ಇಬ್ಬರು ಕಿರಿಯರು. ಅದರ ಮೇಲೆ 3 ಕೋಟಿ ಡಾಲರ್‌ವರೆಗೆ ಮಯಾಮಿಯೇ ಕೊಡಲು ಒಪ್ಪಿತು.